ಓದುಗರ ಪ್ರಶ್ನೆ: ಗಯಾನಾದ ರಾಮ್‌ಫಲ್ ಯಾರು?

ಹೋದ ತಿಂಗಳು ಕಾಮನ್‌ವೆಲ್ತ್ ಬಗ್ಗೆ, ಅಂದರೆ ಬಹುಪಾಲು ಹಿಂದೆ ಬ್ರಿಟಿಷರು ಆಳಿದ ದೇಶಗಳ ಒಕ್ಕೂಟದ ಬಗ್ಗೆ, ಬರೆಯುವಾಗ ಶ್ರೀದತ್ ರಾಮ್‌ಫಲ್ ಅವರ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದೆ. 1975ರಿಂದ 1990ರವರೆಗೆ, 15 ವರ್ಷ ಆ ಒಕ್ಕೂಟದ ಪ್ರಧಾನ ಕಾರ್ಯದರ್ಶಿ ಆಗಿದ್ದವರು ಅವರು. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರೂ ಕಡೆಯಿಂದ ಬಂದಿವೆ. ತುಂಬಾ ಖುಷಿಯಾಯಿತು. ಈ ಸಲದ ಜಾಗವನ್ನೆಲ್ಲ ಅವರಿಗೇ ಕೊಡುತ್ತೇನೆ.

ರಾಮಫಲ ಅಂದರೆ ನಮ್ಮ ತೋಟದಲ್ಲಿ ಬಿಡುವ ಹಣ್ಣು. ಆ ಹೆಸರಿನವರು ಅಷ್ಟು ದೂರದ ಗಯಾನಾದಲ್ಲಿ ಹೇಗೆ ಹುಟ್ಟಿದರು? ಅವರು ಭಾರತದವರೇ ಅಲ್ವಾ?
– ಪಿಯುಸಿ ವಿದ್ಯಾರ್ಥಿನಿ, ಮುಳಬಾಗಿಲು

ಅವರ ಹಿರೀಕರು ಭಾರತದವರು. ಅವರು ಮಾತ್ರ ಪೂರ್ತಿ ಗಯಾನಾದವರು.

ಗಯಾನಾ ಇರುವುದು ದಕ್ಷಿಣ ಅಮೆರಿಕದ ನೆಲದ ಮೇಲೆ. ಆದರೂ ಅದನ್ನು ಕೆರಿಬಿಯನ್ ದೇಶ ಅಂತಲೇ ಲೆಕ್ಕ ಹಾಕುತ್ತಾರೆ. ಇಂಗ್ಲಿಷ್ ಭಾಷೆ, ಕಬ್ಬಿನ ತೋಟ, ಕ್ರಿಕೆಟ್ ಎಲ್ಲವೂ ಆ ದ್ವೀಪಗಳ ಜೊತೆಗಿನದೇ. ಬ್ರಿಟಿಷರು ಗುಲಾಮ ಪದ್ಧತಿ ನಿಲ್ಲಿಸಿದ ಮೇಲೆ ಕಬ್ಬಿನ ತೋಟದ ಮಾಲೀಕರಿಗೆ ಆಳುಗಳು ಬೇಕಾದರು. ಆಗ ಕಣ್ಣು ಬಿದ್ದಿದ್ದು ಭಾರತದ ಮೇಲೆ. 1838ರ ಮೇ 5ರಂದು ವಿಟ್ಬಿ ಮತ್ತು ಹೆಸ್ಪರಸ್ ಎಂಬ ಎರಡು ಹಡಗುಗಳು ಕಲ್ಕತ್ತಾದಿಂದ ಮೊದಲ ಕೂಲಿಗಳನ್ನು ಅಲ್ಲಿಗೆ ತಲುಪಿಸಿದವು. 1917ರಲ್ಲಿ ಇದು ನಿಲ್ಲುವ ಹೊತ್ತಿಗೆ ಸುಮಾರು 2,39,000 ಜನ ಹೋಗಿದ್ದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮದ್ರಾಸ್ ಬಂದರಿನಿಂದ ಹಡಗು ಹತ್ತಿದವರೂ ಇದ್ದರು, ಅವರ ಮಕ್ಕಳು ಮೊಮ್ಮಕ್ಕಳನ್ನು ಅಲ್ಲಿ ಇವತ್ತಿಗೂ ಮದ್ರಾಸಿಗಳು ಅಂತಲೇ ಕರೆಯುತ್ತಾರೆ. ಐದು ವರ್ಷದ ಕರಾರು. ಹೆಬ್ಬೆಟ್ಟು ಒತ್ತಿ ಹೋದರೆ ತೋಟ ಬಿಟ್ಟು ಕದಲುವ ಹಾಗಿಲ್ಲ. ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಹೆಸರು ಬರೆದುಕೊಂಡರು, ತಾತನ ಹೆಸರು ಮುಂದೆ ಇಡೀ ಮನೆತನದ ಹೆಸರಾಯಿತು.

ನಮ್ಮ ಕೋಲಾರದವರಿಗೆ ಇದು ಅರ್ಥವಾಗದ ಕಥೆಯಲ್ಲ. ಚಿನ್ನದ ಗಣಿಗೆ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದವರು ಹೀಗೇ ಗಂಟು ಮೂಟೆ ಕಟ್ಟಿಕೊಂಡು ಬಂದರು. ವ್ಯತ್ಯಾಸ ಇಷ್ಟೇ. ಇವರು ಹಬ್ಬಕ್ಕೆ ಊರಿಗೆ ಹೋಗಿ ಬರಬಹುದಿತ್ತು, ಅವರ ಮಧ್ಯೆ ಎರಡು ಸಮುದ್ರ.

ಅಂಥ ಮನೆತನದಲ್ಲಿ 1928ರ ಅಕ್ಟೋಬರ್ 3ರಂದು ಗಯಾನಾದ ನ್ಯೂ ಆಮ್‌ಸ್ಟರ್‌ಡ್ಯಾಮ್ ಎಂಬ ಊರಿನಲ್ಲಿ ರಾಮ್‌ಫಲ್ ಹುಟ್ಟಿದರು. ತಂದೆ ಮೇಷ್ಟ್ರು. ಎಲ್ಲರೂ ಕರೆಯುತ್ತಿದ್ದದ್ದು ಸನ್ನಿ ಅಂತ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕಾನೂನು ಓದಿದರು, 1951ರಲ್ಲಿ ವಕೀಲರಾದರು. ಇಂಗ್ಲಿಷ್ ಆಳ್ವಿಕೆಯಲ್ಲಿದ್ದ ಹಲವು ಕೆರಿಬಿಯನ್ ದ್ವೀಪಗಳು ಸೇರಿ ವೆಸ್ಟ್ ಇಂಡೀಸ್ ಫೆಡರೇಶನ್ ಅಂತ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಅಲ್ಲಿ ಸರ್ಕಾರಿ ವಕೀಲರಾಗಿ ಕೆಲಸಕ್ಕೆ ಸೇರಿದರು. ಜಮೈಕಾ ಹೊರಟಿತು, ಹಿಂದೆಯೇ ಟ್ರಿನಿಡಾಡ್ ಹೊರಟಿತು, 1962ರಲ್ಲಿ ಒಕ್ಕೂಟ ಮುರಿದು ಬಿತ್ತು. ಕಣ್ಣೆದುರಿಗೇ ಮನೆ ಭಾಗವಾದದ್ದನ್ನು ನೋಡಿದವರು ಅವರು. ಸಣ್ಣವರು ಒಟ್ಟಾಗಿರಬೇಕು ಅಂತ ಜೀವನವಿಡೀ ಅಷ್ಟು ಹಟ ಹಿಡಿದು ದುಡಿದದ್ದಕ್ಕೆ ಇದೇ ಮೂಲ ಅಂತ ನನಗೆ ಅನ್ನಿಸುತ್ತದೆ. 1973ರ ಜುಲೈ 4ರಂದು ಕ್ಯಾರಿಕಾಮ್ ಎಂಬ ಕೆರಿಬಿಯನ್ ಸಮುದಾಯ ಹುಟ್ಟಿತಲ್ಲ, ಆಗ ಅವರು ಗಯಾನಾದ ವಿದೇಶಾಂಗ ಮಂತ್ರಿ. ಅದನ್ನು ಕಟ್ಟಿದವರಲ್ಲಿ ಮುಖ್ಯರು.

ಗಯಾನಾದ ಜನಸಂಖ್ಯೆ ನಮ್ಮ ಜಿಲ್ಲೆಯಷ್ಟೂ ಇಲ್ಲವಂತೆ. ಅಂಥ ದೇಶದವರ ಮಾತನ್ನು ಇಂಗ್ಲೆಂಡಿನ ಪ್ರಧಾನಿ ಯಾಕೆ ಕೇಳಬೇಕಿತ್ತು ಸ್ವಾಮಿ?
– ನಿವೃತ್ತ ಗಣಿ ನೌಕರರು, ಕೆ.ಜಿ.ಎಫ್.

ನಿಮ್ಮ ಪ್ರಶ್ನೆ ಓದಿ ಎರಡು ದಿನ ಯೋಚನೆ ಮಾಡಿದೆ. ಲೆಕ್ಕ ಸರಿಯಾಗಿಯೇ ಇದೆ. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯಲ್ಲಿ 15 ಲಕ್ಷಕ್ಕೂ ಹೆಚ್ಚು ಜನ. ಗಯಾನಾದಲ್ಲಿ ಇವತ್ತಿಗೂ ಸುಮಾರು 8 ಲಕ್ಷ. ನೆಲ ಮಾತ್ರ ನಮ್ಮ ಇಡೀ ಕರ್ನಾಟಕಕ್ಕಿಂತ ಸ್ವಲ್ಪ ಜಾಸ್ತಿ.

ಮೊದಲು ಸಕ್ಕರೆಯಿಂದ ಶುರು ಮಾಡೋಣ. 1973ರಲ್ಲಿ ಬ್ರಿಟನ್ ಯುರೋಪಿನ ಮಾರುಕಟ್ಟೆ ಒಕ್ಕೂಟಕ್ಕೆ ಸೇರಿತು. ಅಲ್ಲಿಯವರೆಗೆ ಬ್ರಿಟನ್ನಿಗೆ ಸಕ್ಕರೆ ಮಾರುತ್ತಿದ್ದ ಸಣ್ಣ ದೇಶಗಳಿಗೆ ದಿಗಿಲಾಯಿತು. ಒಂಬತ್ತು ಶ್ರೀಮಂತ ದೇಶಗಳ ಮುಂದೆ ಒಂದೊಂದೇ ಹೋಗಿ ಕೂತಿದ್ದರೆ ಅವರು ಹೇಳಿದ್ದೇ ರೇಟು. ಬೆಳಗಿನ ಜಾವ ನಮ್ಮ ಮಂಡಿಗೆ ಹತ್ತು ಬಾಕ್ಸ್ ಟೊಮೆಟೊ ತಂದು ಒಬ್ಬನೇ ನಿಂತ ರೈತನ ಸ್ಥಿತಿ ಅದು. ಡೇರಿಗೆ ಹಾಲು ಹಾಕುವವರ ಸ್ಥಿತಿ ಹಾಗಲ್ಲ. ಎರಡು ಲೀಟರ್ ಹಾಕುವವರಿಗೂ ಸಂಘದ ರೇಟೇ ಸಿಗುತ್ತದೆ. ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್ ಸೇರಿ 46 ದೇಶಗಳು ಒಂದೇ ಬಾಯಿಂದ ಮಾತಾಡಬೇಕು ಅಂತ ಹಟ ಹಿಡಿದವರಲ್ಲಿ ರಾಮ್‌ಫಲ್ ಮುಂದಿನ ಸಾಲಿನಲ್ಲಿದ್ದರು. 1975ರ ಫೆಬ್ರವರಿ 28ರಂದು ಟೋಗೋ ದೇಶದ ಲೋಮೆಯಲ್ಲಿ ಒಪ್ಪಂದ ಆಯಿತು. ಅದೇ ವರ್ಷ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಸೇರಿದ ಕಾಮನ್‌ವೆಲ್ತ್ ನಾಯಕರು ಅವರನ್ನು ಪ್ರಧಾನ ಕಾರ್ಯದರ್ಶಿ ಮಾಡಿದರು.

ಈ ಹುದ್ದೆ ಎಂಥದ್ದು ಅಂತ ನೋಡಿ. ಸೈನ್ಯ ಇಲ್ಲ. ಹೇಳಿಕೊಳ್ಳುವಂಥ ಖಜಾನೆ ಇಲ್ಲ. ಅಲ್ಲಿ ಓಟು ಹಾಕಿ ತೀರ್ಮಾನ ಮಾಡುವ ಪದ್ಧತಿಯೂ ಇಲ್ಲ, ಎಲ್ಲರೂ ಒಪ್ಪಬೇಕು. ಲಂಡನ್ನಿನ ಮಾರ್ಲ್‌ಬರೋ ಹೌಸ್‌ನಲ್ಲಿ ಒಂದು ಕಚೇರಿ, ಒಂದು ಫೋನು, ಯಾವ ದೇಶದ ಮುಖ್ಯಸ್ಥರ ಮನೆ ಬಾಗಿಲನ್ನಾದರೂ ತಟ್ಟಬಹುದು ಅನ್ನುವ ಸಲಿಗೆ. ಅಷ್ಟೇ ಬಂಡವಾಳ.

ಆ ಬಂಡವಾಳದಲ್ಲಿ ಅವರು ಮಾಡಿದ ದೊಡ್ಡ ಕೆಲಸ ಈಗಿನ ಜಿಂಬಾಬ್ವೆಯದು. ಆಗ ಅದು ರೊಡೇಷಿಯಾ. ಬೆರಳೆಣಿಕೆಯ ಬಿಳಿಯರು 1965ರಲ್ಲಿ ತಾವೇ ಸ್ವತಂತ್ರ ಅಂತ ಘೋಷಿಸಿಕೊಂಡು ಆಳುತ್ತಿದ್ದರು. ಕಾಡಿನಲ್ಲಿ ಯುದ್ಧ ನಡೆಯುತ್ತಿತ್ತು. 1979ರ ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಬ್ರಿಟನ್ನಿನ ಪ್ರಧಾನಿಯಾದರು. ಬಿಳಿಯರು ತಮಗೆ ಅನುಕೂಲವಾಗುವಂತೆ ಕೂರಿಸಿದ್ದ ಸರ್ಕಾರಕ್ಕೆ ಅವರು ಮಾನ್ಯತೆ ಕೊಟ್ಟೇಬಿಡುತ್ತಾರೆ ಅನ್ನುವ ಹೆದರಿಕೆ ಎಲ್ಲರಿಗೂ ಇತ್ತು. ಆಗಸ್ಟಿನಲ್ಲಿ ಜಾಂಬಿಯಾದ ಲುಸಾಕಾದಲ್ಲಿ ಕಾಮನ್‌ವೆಲ್ತ್ ಶೃಂಗಸಭೆ. ಅಲ್ಲಿ ಜಾಂಬಿಯಾದ ಕೌಂಡಾ, ಟಾಂಜಾನಿಯಾದ ನೈರೇರೆ, ಜಮೈಕಾದ ಮ್ಯಾನ್ಲಿ, ಆಸ್ಟ್ರೇಲಿಯಾದ ಫ್ರೇಸರ್, ಥ್ಯಾಚರ್ ಹೀಗೆ ಕೆಲವೇ ಜನರನ್ನು ಬೇರೆ ಕೂರಿಸಿದರು. ದೊಡ್ಡ ಸಭೆಯಲ್ಲಿ ಭಾಷಣ ಮಾಡಿ ಬಿಗಿದುಕೊಳ್ಳುವವರು ಸಣ್ಣ ಕೋಣೆಯಲ್ಲಿ ಸಡಿಲವಾಗುತ್ತಾರೆ, ಊರಿನ ಪಂಚಾಯ್ತಿ ನೋಡಿದವರಿಗೆ ಇದು ಗೊತ್ತಿರುತ್ತದೆ. ರಾಮ್‌ಫಲ್ ಆ ಕೋಣೆಯಲ್ಲಿದ್ದರು. ಕೊನೆಗೆ ಬ್ರಿಟನ್ನೇ ಜವಾಬ್ದಾರಿ ಹೊತ್ತು ಎಲ್ಲ ಪಕ್ಷಗಳನ್ನೂ ಕರೆದು ಹೊಸ ಸಂವಿಧಾನ ಮಾಡಬೇಕು, ಕಾಮನ್‌ವೆಲ್ತ್ ವೀಕ್ಷಕರ ಎದುರಿಗೆ ಚುನಾವಣೆ ಆಗಬೇಕು ಅಂತ ತೀರ್ಮಾನವಾಯಿತು.

ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಸೆಪ್ಟೆಂಬರ್ 10ಕ್ಕೆ ಮಾತುಕತೆ ಶುರು. ಅಲ್ಲಿ ರಾಮ್‌ಫಲ್‌ಗೆ ಕುರ್ಚಿಯೇ ಇರಲಿಲ್ಲ. ಅದು ತನ್ನ ಸಭೆ ಅಂತ ಬ್ರಿಟನ್ ಅವರನ್ನು ಹೊರಗಿಟ್ಟಿತ್ತು. ಆದರೆ ಹೋರಾಟದ ನಾಯಕರಾದ ಎನ್ಕೋಮೊ ಮತ್ತು ಮುಗಾಬೆ ಸಂಜೆಯಾದರೆ ಇವರ ಹತ್ತಿರ ಬರುತ್ತಿದ್ದರು. ಅಕ್ಟೋಬರಿನಲ್ಲಿ ಮಾತುಕತೆ ಮುರಿಯುವ ಹಂತಕ್ಕೆ ಬಂತು. ಕಾರಣ ಭೂಮಿ. ಒಳ್ಳೆಯ ಹೊಲಗಳೆಲ್ಲ ಬಿಳಿಯರ ಕೈಯಲ್ಲಿದ್ದವು. ಹತ್ತು ವರ್ಷ ಅದನ್ನು ಬಲವಂತವಾಗಿ ತೆಗೆದುಕೊಳ್ಳುವ ಹಾಗಿಲ್ಲ, ಮಾರುವವನು ಒಪ್ಪಿದರೆ ದುಡ್ಡು ಕೊಟ್ಟು ಕೊಳ್ಳಬೇಕು ಅನ್ನುವುದು ಬ್ರಿಟನ್ನಿನ ಷರತ್ತು. ಯಾವುದಕ್ಕೆ ಬಂದೂಕು ಹಿಡಿದೆವೋ ಅದನ್ನೇ ದುಡ್ಡು ಕೊಟ್ಟು ಕೊಳ್ಳುವುದಾ? ಆ ದುಡ್ಡು ತಾನೇ ಎಲ್ಲಿದೆ?

ನಮ್ಮಲ್ಲಿ 1974ರಲ್ಲಿ ದೇವರಾಜ ಅರಸು ಅವರ ಕಾಲದಲ್ಲಿ ಉಳುವವನೇ ಹೊಲದೊಡೆಯ ಅಂತ ಕಾಯ್ದೆ ಬಂದಾಗ ನಮ್ಮ ತಾತ ಏಳನೇ ನಂಬರ್ ಫಾರಂ ಹಾಕಿ ವರ್ಷಗಟ್ಟಲೆ ಅಲೆದರು. ಎರಡು ಎಕರೆ ಹೊಲಕ್ಕೆ. ಪಹಣಿಯಲ್ಲಿ ಹೆಸರು ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದು ಅಮ್ಮನಿಗೆ ಇನ್ನೂ ನೆನಪಿದೆ. ಹಾಗಾಗಿ ಈ ಭಾಗ ಓದುವಾಗ ನನಗೆ ಆ ನಾಯಕರ ಸಿಟ್ಟು ಸುಮ್ನೆ ರಾಜಕೀಯ ಅಂತ ಅನ್ನಿಸುವುದಿಲ್ಲ.

ರಾಮ್‌ಫಲ್ ಆಗ ಲಂಡನ್ನಿನಲ್ಲಿದ್ದ ಅಮೆರಿಕದ ರಾಯಭಾರಿ ಕಿಂಗ್‌ಮನ್ ಬ್ರೂಸ್ಟರ್ ಅವರನ್ನು ಗುಟ್ಟಾಗಿ ಸಂಪರ್ಕಿಸಿದರು. ಭೂಮಿಗೆ ದುಡ್ಡಿನ ಸಹಾಯ ಮಾಡುತ್ತೇವೆ ಅಂತ ಅಮೆರಿಕ ಮಾತು ಕೊಟ್ಟರೆ ಇವರು ಮತ್ತೆ ಬಂದು ಕೂರುತ್ತಾರೆ ಅಂದರು. ಅಧ್ಯಕ್ಷ ಕಾರ್ಟರ್ ಸರ್ಕಾರದಿಂದ ಭರವಸೆ ಬಂತು. ಮಾತುಕತೆ ಮತ್ತೆ ಹಳಿಗೆ ಬಂತು. ಡಿಸೆಂಬರ್ 21ಕ್ಕೆ ಸಹಿ. 1980ರ ಏಪ್ರಿಲ್ 18ಕ್ಕೆ ಜಿಂಬಾಬ್ವೆ ಹುಟ್ಟಿತು.

ಭೂಮಿಯ ಹುಣ್ಣು ಪೂರ್ತಿ ವಾಸಿಯಾಗಲಿಲ್ಲ. 2000ದ ಹೊತ್ತಿಗೆ ಅದು ಒಡೆದು ಆ ದೇಶ ಎಷ್ಟು ನರಳಿತು ಅಂತ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಬಾಯಿಮಾತಿನ ಭರವಸೆಯನ್ನು ಕಾಗದಕ್ಕೆ ಇಳಿಸದೆ ಬಿಟ್ಟದ್ದು ತಪ್ಪು ಅಂತಲೇ ನಾನು ಹೇಳುತ್ತೇನೆ. ಆದರೆ ಆ ಒಪ್ಪಂದದಿಂದ ಯುದ್ಧ ನಿಂತಿತು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಗಯಾನಾಕ್ಕೆ ಯಾರ ಹೊಲದ ಮೇಲೂ ಆಸೆ ಇರಲಿಲ್ಲ, ಯಾರನ್ನೂ ಹೆದರಿಸುವ ಶಕ್ತಿಯೂ ಇರಲಿಲ್ಲ. ಅದಕ್ಕೇ ಎರಡೂ ಕಡೆಯವರು ಆ ಮನುಷ್ಯನ ಹತ್ತಿರ ನಿಜ ಹೇಳಿದರು.

1974ರಲ್ಲಿ ತುಮಕೂರಿನಿಂದ ಬಸ್ಸಿನಲ್ಲಿ ಹೋಗಿ ಬೆಂಗಳೂರಿನ ಮೊದಲ ಟೆಸ್ಟ್ ನೋಡಿದವನು ನಾನು. ಲಾಯ್ಡ್ ಹೊಡೆದ 163 ಇನ್ನೂ ಕಣ್ಣಲ್ಲಿದೆ. ಕಾಳಿಚರಣ್ ಕೂಡ ಶತಕ ಹೊಡೆದಿದ್ದರು. ಅವರನ್ನು ಮುಂದೆ ನಿಷೇಧಿಸಿದ್ದು ಯಾಕೆ? ಇದರಲ್ಲಿ ರಾಮ್‌ಫಲ್ ಪಾತ್ರ ಇತ್ತಾ?
– ಹಳೆಯ ಕ್ರಿಕೆಟ್ ಅಭಿಮಾನಿ, ತುಮಕೂರು

ಲಾಯ್ಡ್, ಕಾಳಿಚರಣ್ ಇಬ್ಬರೂ ಗಯಾನಾದವರೇ. ಆ ಪಂದ್ಯ ಲಾಯ್ಡ್ ನಾಯಕನಾಗಿ ಆಡಿದ ಮೊದಲ ಟೆಸ್ಟ್, ಗ್ರೀನಿಜ್ ಮತ್ತು ರಿಚರ್ಡ್ಸ್ ಇಬ್ಬರ ಪಾದಾರ್ಪಣೆಯೂ ಅಲ್ಲೇ. ನೀವು ಪುಣ್ಯವಂತರು.

ಕಥೆ ಶುರುವಾಗುವುದು ದಕ್ಷಿಣ ಆಫ್ರಿಕಾದ ವರ್ಣಭೇದದಿಂದ. ಅಲ್ಲಿ ಚರ್ಮದ ಬಣ್ಣ ನೋಡಿ ತಂಡ ಕಟ್ಟುತ್ತಿದ್ದರು. ಅವರ ಜೊತೆ ಆಡಬಾರದು ಅಂತ ನಮ್ಮ ದೇಶ ಮೊದಲಿನಿಂದ ಗಟ್ಟಿಯಾಗಿ ನಿಂತಿತ್ತು. ನೀವು ಆ ಟೆಸ್ಟ್ ನೋಡಿದ ವರ್ಷವೇ ಭಾರತ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿತ್ತು. ಎದುರಿಗೆ ದಕ್ಷಿಣ ಆಫ್ರಿಕಾ. ಭಾರತ ಆಡಲಿಲ್ಲ, ಕಪ್ಪು ಬಿಟ್ಟುಕೊಟ್ಟಿತು. 1976ರಲ್ಲಿ ನ್ಯೂಜಿಲೆಂಡಿನ ರಗ್ಬಿ ತಂಡ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಅದನ್ನು ಪ್ರತಿಭಟಿಸಿ 20ಕ್ಕೂ ಹೆಚ್ಚು ಆಫ್ರಿಕಾ ದೇಶಗಳು ಮಾಂಟ್ರಿಯಲ್ ಒಲಿಂಪಿಕ್ಸ್ ಬಿಟ್ಟು ಬಂದವು. ಗಯಾನಾ ಕೂಡ ಬಿಟ್ಟಿತು. ಎರಡು ವರ್ಷಕ್ಕೆ ಕೆನಡಾದ ಎಡ್ಮಂಟನ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ಇತ್ತು, ಅದೂ ಹಾಳಾಗುವುದರಲ್ಲಿತ್ತು.

1977ರ ಜೂನಿನಲ್ಲಿ ನಾಯಕರೆಲ್ಲ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್ ಎಂಬ ಹೋಟೆಲಿನಲ್ಲಿ ವಾರಾಂತ್ಯ ಕಳೆಯಲು ಸೇರಿದ್ದರು. ದಕ್ಷಿಣ ಆಫ್ರಿಕಾ ಜೊತೆ ಆಟದ ಸಂಬಂಧ ಇಟ್ಟುಕೊಳ್ಳದಂತೆ ಪ್ರತಿ ಸರ್ಕಾರವೂ ತನ್ನ ಆಟಗಾರರನ್ನು ತಡೆಯಲು ಕೈಲಾದದ್ದೆಲ್ಲ ಮಾಡಬೇಕು ಅಂತ ಅಲ್ಲಿ ಒಪ್ಪಿದರು. ಆ ಕರಡಿನ ಹಿಂದೆ ಓಡಾಡಿದವರು ರಾಮ್‌ಫಲ್. ಮಾತು ಮೃದುವಾಗಿಯೇ ಇತ್ತು, ಪರಿಣಾಮ ಮೃದುವಾಗಿರಲಿಲ್ಲ. 1981ರಲ್ಲಿ ಇಂಗ್ಲೆಂಡ್ ತಂಡದ ರಾಬಿನ್ ಜಾಕ್‌ಮನ್ ದಕ್ಷಿಣ ಆಫ್ರಿಕಾದಲ್ಲಿ ಆಡಿದವರು ಅಂತ ಗಯಾನಾ ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಜಾರ್ಜ್‌ಟೌನ್ ಟೆಸ್ಟೇ ರದ್ದಾಯಿತು. ಆಮೇಲೆ ದುಡ್ಡಿನ ಆಸೆ ತೋರಿಸಿ ವೆಸ್ಟ್ ಇಂಡೀಸ್ ಆಟಗಾರರನ್ನು ದಕ್ಷಿಣ ಆಫ್ರಿಕಾಕ್ಕೆ ಕರೆದೊಯ್ದರು. ಹೋದವರಲ್ಲಿ ಕಾಳಿಚರಣ್, ಕ್ರಾಫ್ಟ್ ಕೂಡ ಇದ್ದರು. 1983ರಲ್ಲಿ ಅವರ ಕ್ರಿಕೆಟ್ ಮಂಡಳಿ ಆಜೀವ ನಿಷೇಧ ಹಾಕಿತು, 1989ರಲ್ಲಿ ತೆಗೆಯಿತು. ನಿಷೇಧ ಮಂಡಳಿಯದು, ರಾಮ್‌ಫಲ್ ಅವರದಲ್ಲ. ಕಾಳಿಚರಣ್ ಆಟ ಇಷ್ಟಪಟ್ಟವರಿಗೆ ಬೇಜಾರಾಗುತ್ತದೆ, ನನಗೂ ಆಗುತ್ತದೆ. ಆದರೂ ಕೂಲಿಯಾಗಿ ಹೋದವರ ಮೊಮ್ಮಗ ಅಂಥ ದೇಶದ ದುಡ್ಡು ಮುಟ್ಟಬಾರದಿತ್ತು.

ಇನ್ನೊಂದು ವಿಷಯ ಹೇಳಲೇಬೇಕು. 1985ರಲ್ಲಿ ಬಹಾಮಾಸ್‌ನ ನಸ್ಸೌ ಶೃಂಗಸಭೆ ಏಳು ಹಿರಿಯರ ತಂಡ ಮಾಡಿತು. ಫ್ರೇಸರ್ ಮತ್ತು ನೈಜೀರಿಯಾದ ಒಬಸಾಂಜೊ ಮುಂದಾಳುಗಳು. ನಮ್ಮ ಮಾಜಿ ವಿದೇಶಾಂಗ ಸಚಿವ ಸ್ವರಣ್ ಸಿಂಗ್, ಬಾರ್ಬಡೋಸ್‌ನ ನೀಟಾ ಬ್ಯಾರೋ ಕೂಡ ಇದ್ದರು. 1986ರಲ್ಲಿ ಜೈಲಿನಲ್ಲಿದ್ದ ನೆಲ್ಸನ್ ಮಂಡೇಲಾರನ್ನು ಅವರು ಭೇಟಿಯಾದರು. ಆಗ ಮಂಡೇಲಾ ಫ್ರೇಸರ್ ಅವರನ್ನು ಕೇಳಿದ ಪ್ರಶ್ನೆ ಡಾನ್ ಬ್ರಾಡ್‌ಮನ್ ಇನ್ನೂ ಬದುಕಿದ್ದಾರಾ ಅಂತ! ಎರಡು ದಶಕ ದಾಟಿದ ಸೆರೆವಾಸದಲ್ಲಿ ಆ ನೆನಪು ಹಾಗೇ ಇತ್ತು. ಸಂಧಾನ ಕುದುರುತ್ತಿದೆ ಅನ್ನುವಾಗಲೇ, ಮೇ 19ರಂದು, ದಕ್ಷಿಣ ಆಫ್ರಿಕಾದ ಸೈನ್ಯ ಅಕ್ಕಪಕ್ಕದ ಮೂರು ಕಾಮನ್‌ವೆಲ್ತ್ ದೇಶಗಳ ಮೇಲೆ ದಾಳಿ ಮಾಡಿತು. ತಂಡ ವಾಪಸ್ ಬಂತು. ಆರ್ಥಿಕ ದಿಗ್ಬಂಧನ ಬೇಕೇ ಬೇಕು ಅಂತ ರಾಮ್‌ಫಲ್ ಪಟ್ಟು ಹಿಡಿದರು, ಥ್ಯಾಚರ್ ಒಪ್ಪಲಿಲ್ಲ. ಆ ಸಿಟ್ಟಿಗೆ ಅದೇ ವರ್ಷದ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಭಾರತವೂ ಸೇರಿ 32 ದೇಶಗಳು ಬಹಿಷ್ಕರಿಸಿದವು. 1990ರ ಫೆಬ್ರವರಿ 11ಕ್ಕೆ ಮಂಡೇಲಾ ಹೊರಗೆ ಬಂದರು. ರಾಮ್‌ಫಲ್ ಕುರ್ಚಿ ಬಿಟ್ಟದ್ದು ಜೂನ್ 30ಕ್ಕೆ. ಕೆಲಸ ಕೈಗೂಡಿದ್ದನ್ನು ಕುರ್ಚಿಯಲ್ಲಿದ್ದಾಗಲೇ ನೋಡಿದರಲ್ಲ ಅಂತ ನನಗೆ ಸಮಾಧಾನ.

ನೀವು ಹೊಗಳುವ ರಾಮ್‌ಫಲ್, ಚುನಾವಣೆಯಲ್ಲಿ ಅಕ್ರಮ ಮಾಡಿದ ಬರ್ನ್‌ಹ್ಯಾಮ್ ಸರ್ಕಾರದಲ್ಲಿ ಮಂತ್ರಿಯಾಗಿದ್ದರು. ಅದನ್ನು ಯಾಕೆ ಹೇಳಲಿಲ್ಲ?
– ಹೈಸ್ಕೂಲ್ ಶಿಕ್ಷಕರು, ಶ್ರೀನಿವಾಸಪುರ

ಸರಿಯಾಗಿ ಹಿಡಿದಿರಿ ಮೇಷ್ಟ್ರೇ. ಹೇಳಬೇಕಿತ್ತು.

ಗಯಾನಾದ ಆಗಿನ ಪ್ರಧಾನಿ ಫೋರ್ಬ್ಸ್ ಬರ್ನ್‌ಹ್ಯಾಮ್ ಸರ್ಕಾರದಲ್ಲಿ ರಾಮ್‌ಫಲ್ 1965ರಿಂದ ಅಟಾರ್ನಿ ಜನರಲ್, 1972ರಿಂದ ವಿದೇಶಾಂಗ ಮಂತ್ರಿ. ದೇಶ ಸ್ವತಂತ್ರವಾದದ್ದು 1966ರ ಮೇ 26ಕ್ಕೆ. 1968 ಮತ್ತು 1973ರ ಚುನಾವಣೆಗಳಲ್ಲಿ ಮೋಸ ನಡೆಯಿತು ಅನ್ನುವುದನ್ನು ಇತಿಹಾಸಕಾರರು ಒಪ್ಪುತ್ತಾರೆ. ಎದುರಿಗಿದ್ದವರು ಕಬ್ಬಿನ ತೋಟದ ಕೂಲಿಗಳ ಮಗ ಚೆಡ್ಡಿ ಜಗನ್. ಅವರಿಗೆ ಅಧಿಕಾರ ಮತ್ತೆ ಸಿಕ್ಕಿದ್ದು 1992ರ ಅಕ್ಟೋಬರಿನಲ್ಲಿ, ಹೊರಗಿನ ವೀಕ್ಷಕರು ಬಂದು ನಿಂತು ನಡೆಸಿದ ಚುನಾವಣೆಯಲ್ಲಿ. ಆ ವೀಕ್ಷಕರಲ್ಲಿ ಕಾಮನ್‌ವೆಲ್ತ್ ತಂಡವೂ ಇತ್ತು.

ರಾಮ್‌ಫಲ್ ಆ ಸರ್ಕಾರದ ಕಾನೂನು ಮುಖ್ಯಸ್ಥರಾಗಿದ್ದರು. ದೂರದಲ್ಲಿದ್ದರು ಅಂತ ಹೇಳಲು ಬರುವುದಿಲ್ಲ. ಹೊರಗಿನ ಲೋಕದಲ್ಲಿ ನ್ಯಾಯಕ್ಕೆ ಅಷ್ಟು ಜೋರಾಗಿ ಮಾತಾಡಿದವರು ಮನೆಯೊಳಗೆ ಯಾಕೆ ಮಾತಾಡಲಿಲ್ಲ ಅಂತ ಗಯಾನಾದವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದರ ಜೊತೆಗೆ ಇದನ್ನೂ ನೋಡಿ. ಆಗ ವಿದೇಶಾಂಗದಲ್ಲಿ ಅವರು ಮಾಡಿದ್ದು ಸಣ್ಣ ಕೆಲಸವಲ್ಲ. 1972ರ ಡಿಸೆಂಬರ್ 8ರಂದು ಗಯಾನಾ, ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್ ಒಟ್ಟಿಗೆ ಕ್ಯೂಬಾ ಜೊತೆ ಸಂಬಂಧ ಬೆಳೆಸಿದವು, ಕ್ಯೂಬಾವನ್ನು ಕಂಡರಾಗದ ಅಮೆರಿಕದ ಪಕ್ಕದಲ್ಲೇ ಕೂತು. ಕಾಮನ್‌ವೆಲ್ತಿಗೆ ಬಂದ ಮೇಲೆ 1977ರಲ್ಲಿ ಉಗಾಂಡಾದ ಇದಿ ಅಮೀನ್ ಆಡಳಿತವನ್ನು ನಾಯಕರೆಲ್ಲ ಹೆಸರಿಟ್ಟು ಖಂಡಿಸಿದರು. ಸದಸ್ಯ ದೇಶದ ಒಳಗಿನ ವಿಷಯ ಅಂತ ಸುಮ್ಮನಾಗುವ ಹಳೆಯ ರೂಢಿ ಅಲ್ಲಿ ಮುರಿಯಿತು. ಈ ಕೆಲಸಗಳು ಮನೆಯೊಳಗಿನ ಆ ಮೌನವನ್ನು ಅಳಿಸುತ್ತವೆ ಅಂತ ನಾನು ಹೇಳುವುದಿಲ್ಲ. ಎರಡೂ ಒಬ್ಬರ ಲೆಕ್ಕದಲ್ಲೇ ಇವೆ.

ಭಾರತ ಅವರನ್ನು ಗೌರವಿಸಿದೆಯಾ?
– ಬಂಗಾರಪೇಟೆ

ಹೌದು. 2002ರ ಇಂದಿರಾ ಗಾಂಧಿ ಶಾಂತಿ ಪ್ರಶಸ್ತಿ ಅವರಿಗೆ ಬಂತು. 2003ರಲ್ಲಿ ಪ್ರವಾಸಿ ಭಾರತೀಯ ಸಮ್ಮಾನ್ ಮೊದಲ ಸಲ ಕೊಟ್ಟಾಗ ಆ ಪಟ್ಟಿಯಲ್ಲೂ ಇದ್ದರು. 1983ರ ಕಾಮನ್‌ವೆಲ್ತ್ ಶೃಂಗಸಭೆ ದೆಹಲಿಯಲ್ಲಿ ನಡೆದಾಗ ಕಾರ್ಯದರ್ಶಿ ಅವರೇ, ಆಗ ನಾಯಕರನ್ನೆಲ್ಲ ಗೋವಾಕ್ಕೂ ಕರೆದುಕೊಂಡು ಹೋಗಿದ್ದರು. ಅದೇ ಹುದ್ದೆಗೆ ಮುಂದೆ 2008ರಲ್ಲಿ ನಮ್ಮವರಾದ ಕಮಲೇಶ್ ಶರ್ಮಾ ಬಂದರು.

ಪಕ್ಕದ ಹೊಲದವರ ಜೊತೆ ನಮ್ಮದು ಬದುವಿನ ಜಗಳ, ಅಪ್ಪನ ಕಾಲದಿಂದ ನಡೆಯುತ್ತಿದೆ. ದೇಶ ದೇಶಗಳ ಮಧ್ಯೆ ಇಂಥದ್ದನ್ನು ಹೇಗೆ ಬಗೆಹರಿಸುತ್ತಾರೆ? ರಾಮ್‌ಫಲ್ ಅಂಥದ್ದೇನಾದರೂ ಮಾಡಿದ್ದರಾ?
– ರೈತರು, ಚಿಂತಾಮಣಿ

ಮಾಡಿದ್ದರು, ಅದೂ ಸ್ವಂತ ದೇಶಕ್ಕೆ. ಗಯಾನಾದ ಪಶ್ಚಿಮಕ್ಕೆ ಎಸೆಕ್ವಿಬೋ ಅಂತ ಪ್ರದೇಶ ಇದೆ. ದೇಶದ ಮೂರರಲ್ಲಿ ಎರಡು ಪಾಲು ಅದೇ. ಅದು ನಮ್ಮದು ಅಂತ ಪಕ್ಕದ ವೆನೆಜುವೆಲಾ ಹೇಳುತ್ತದೆ. 1899ರಲ್ಲಿ ಪ್ಯಾರಿಸ್ಸಿನಲ್ಲಿ ಪಂಚಾಯ್ತಿ ಆಗಿ ಗಡಿ ಕಲ್ಲು ನೆಟ್ಟಾಗಿತ್ತು. 60 ವರ್ಷ ಕಳೆದ ಮೇಲೆ, 1962ರಲ್ಲಿ, ಆ ತೀರ್ಪೇ ಸರಿಯಿಲ್ಲ ಅಂತ ವೆನೆಜುವೆಲಾ ತಕರಾರು ಎತ್ತಿತು. ಸ್ವಾತಂತ್ರ್ಯಕ್ಕೆ ಮೂರು ತಿಂಗಳು ಮೊದಲು, 1966ರ ಫೆಬ್ರವರಿಯಲ್ಲಿ, ಜಿನೀವಾದಲ್ಲಿ ಒಂದು ಒಪ್ಪಂದ ಆಯಿತು. ಮಾತಾಡಿ ಬಗೆಹರಿಸಿಕೊಳ್ಳಿ, ಆಗದಿದ್ದರೆ ದಾರಿ ಯಾವುದು ಅಂತ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆರಿಸಬಹುದು ಅಂತ ಅದರಲ್ಲಿತ್ತು. ಆ ಮೇಜಿನ ಸುತ್ತ ಗಯಾನಾದ ಕಡೆಯಿಂದ ಕೂತವರಲ್ಲಿ 37 ವರ್ಷದ ರಾಮ್‌ಫಲ್ ಒಬ್ಬರು.

ಮಾತು 50 ವರ್ಷ ಎಳೆಯಿತು. 2015ರಲ್ಲಿ ಗಯಾನಾದ ಸಮುದ್ರದಲ್ಲಿ ಎಣ್ಣೆ ಸಿಕ್ಕಿತು, ತಕರಾರು ಜೋರಾಯಿತು. 2018ರಲ್ಲಿ ವಿಶ್ವಸಂಸ್ಥೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ದಾರಿ ಆರಿಸಿತು, ಆ ಹಳೆಯ ಒಪ್ಪಂದದ ಸಾಲನ್ನೇ ಹಿಡಿದು. ಗಯಾನಾ ಮಾರ್ಚ್ 29ಕ್ಕೆ ದಾವೆ ಹೂಡಿತು. ನಿಮ್ಮ ಜಗಳಕ್ಕೂ ಇದೇ ಮಾತು ಹೇಳುತ್ತೇನೆ: ಹಳೆಯ ಕ್ರಯಪತ್ರ, ಸರ್ವೆ ನಕ್ಷೆ, ಹಿರಿಯರು ಪಂಚಾಯ್ತಿ ಮಾಡಿ ಬರೆದ ಚೀಟಿ ಏನಿದ್ದರೂ ಹುಡುಕಿ ಇಟ್ಟುಕೊಳ್ಳಿ. ಆ ಬರಹ ಹುಟ್ಟಿದಾಗ ಹಾಜರಿದ್ದವರು ಯಾರಾದರೂ ಬದುಕಿದ್ದರೆ ಅವರ ಹತ್ತಿರ ಈಗಲೇ ಹೋಗಿ ಮಾತಾಡಿ.

ಗಯಾನಾಕ್ಕೆ ಅಂಥವರು ಒಬ್ಬರು ಇದ್ದರು. 2020ರ ಜೂನ್ 30ರಂದು ನ್ಯಾಯಾಲಯದ ವಿಚಾರಣೆ ನಡೆಯಿತು. ಕೊರೊನಾ ಕಾಲ, ಎಲ್ಲವೂ ವಿಡಿಯೊದಲ್ಲಿ. ತಾವು ಕಣ್ಣಾರೆ ಕಂಡ ಜಿನೀವಾ ಒಪ್ಪಂದದ ಬಗ್ಗೆ ರಾಮ್‌ಫಲ್ ನ್ಯಾಯಾಧೀಶರಿಗೆ ಹೇಳಿದರು. ಆಗ ಅವರಿಗೆ 91 ವರ್ಷ. ಆ ಡಿಸೆಂಬರ್ 18ಕ್ಕೆ, ಈ ದಾವೆ ಕೇಳುವ ಅಧಿಕಾರ ತನಗಿದೆ ಅಂತ ನ್ಯಾಯಾಲಯ ಹೇಳಿತು. 2024ರ ಆಗಸ್ಟ್ 30ರಂದು ಬಾರ್ಬಡೋಸ್‌ನಲ್ಲಿ ಅವರು ತೀರಿಕೊಂಡಾಗ ದಾವೆ ಇನ್ನೂ ನಡೆಯುತ್ತಲೇ ಇತ್ತು.